ಮೆಡಿಕಲ್ ಸೀಟಿಗೆ ಇಂಗ್ಲಿಷ್ ಕೋರ್ಸ್: ಯಾವುದನ್ನು ಆರಿಸಬೇಕು, ಯಾವುದಕ್ಕೆ ಹೆದರಬೇಕಿಲ್ಲ

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್ ಸಮೀಪ ನೆಲೆಸಿದ್ದೇವೆ, ಗ್ರೀನ್ ಕಾರ್ಡ್ ಇದೆ. ಮಗಳು ಏಳನೆಯ ತರಗತಿಯವರೆಗೆ ಶಿವಮೊಗ್ಗದಲ್ಲಿ ಓದಿ, ಆಮೇಲೆ ಇಲ್ಲಿನ ಶಾಲೆ ಸೇರಿದವಳು. ಈಗ ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಜೀವವಿಜ್ಞಾನದ ಮೊದಲ ವರ್ಷದಲ್ಲಿದ್ದಾಳೆ. ಡಾಕ್ಟರಾಗಬೇಕೆಂಬುದು ಅವಳದೇ ಹಟ. ಹೈಸ್ಕೂಲಿನಲ್ಲಿದ್ದಾಗಲೇ ಡ್ಯುಯಲ್ ಕ್ರೆಡಿಟ್ ವ್ಯವಸ್ಥೆಯಲ್ಲಿ ಹತ್ತಿರದ ಕಮ್ಯುನಿಟಿ ಕಾಲೇಜಿನಿಂದ ಇಂಗ್ಲಿಷ್ 1301 ಮತ್ತು 1302 ಮುಗಿಸಿದಳು. ಮೊದಲನೆಯದರಲ್ಲಿ ಬಿ ಗ್ರೇಡ್, ಎರಡನೆಯದರಲ್ಲಿ ಎ. ಮೆಡಿಕಲ್ ಕಾಲೇಜುಗಳು ಒಂದು ವರ್ಷದ ಇಂಗ್ಲಿಷ್ ಕೇಳುತ್ತವಂತೆ. ಹೈಸ್ಕೂಲಿನಲ್ಲಿ ಮಾಡಿದ್ದು ಲೆಕ್ಕಕ್ಕೆ ಬರುತ್ತದೆಯೇ? ಬಿ ಬಂದಿರುವ ಕೋರ್ಸನ್ನು ಮತ್ತೊಮ್ಮೆ ಮಾಡಿಸಬೇಕೆಂದು ನನ್ನ ಯಜಮಾನರ ಅಭಿಪ್ರಾಯ. ಪರಿಚಯದ ಡಾಕ್ಟರೊಬ್ಬರು ಸಾಹಿತ್ಯದ ಕೋರ್ಸೇ ಬೇಕು ಎನ್ನುತ್ತಾರೆ. ಇನ್ನೊಬ್ಬರು ಇಂಗ್ಲಿಷನ್ನು ಯಾರೂ ನೋಡುವುದಿಲ್ಲ, ಬೇಸಿಗೆಯಲ್ಲಿ ಸುಲಭದ್ದೊಂದು ಮುಗಿಸಿಬಿಡಲಿ ಎನ್ನುತ್ತಾರೆ. ಮಗಳಿಗೆ ಸೃಜನಶೀಲ ಬರವಣಿಗೆಯ ಕೋರ್ಸ್ ಮೇಲೆ ಮನಸ್ಸು. ಅಲ್ಲೂ ಬಿ ಬಂದರೆ ಏನು ಗತಿ ಎಂದು ನನಗೆ ಭಯ. ಕೊನೆಯದಾಗಿ, ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿರುವ ನನ್ನ ತಮ್ಮನ ಮಗನಿಗೂ ಇಲ್ಲಿ ಮೆಡಿಕಲ್ ಓದುವ ಆಸೆ. ಅವನ ಪದವಿಯ ಇಂಗ್ಲಿಷ್ ಪತ್ರಿಕೆಗಳು ಇಲ್ಲಿ ನಡೆಯುತ್ತವೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕೈದಿದ್ದರೂ ಆತಂಕ ಒಂದೇ: ಹದಿನಾರನೆಯ ವಯಸ್ಸಿನಲ್ಲಿ ಬಂದ ಒಂದು ಬಿ ಗ್ರೇಡ್, ಈಗ ಆಯ್ದುಕೊಳ್ಳುವ ಒಂದು ಕೋರ್ಸ್ ಸೇರಿ ಮಗಳ ದಾರಿಗೆ ಅಡ್ಡ ಬರುತ್ತವೆಯೇ ಎಂಬುದು. ಅಡ್ಡ ಬರುವುದಿಲ್ಲ. ವೈದ್ಯಕೀಯ ಪ್ರವೇಶಕ್ಕೆ ತಯಾರಾಗುವ ವಿದ್ಯಾರ್ಥಿಗಳಿಗೆ ಅಮೆರಿಕದ ಕಾಲೇಜೊಂದರಲ್ಲಿ ಸಲಹೆ ನೀಡುವುದು ನನ್ನ ಉದ್ಯೋಗ. ಇಂಗ್ಲಿಷ್ ಕೋರ್ಸಿನ ಹೆಸರು ಸರಿಯಿಲ್ಲ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಅಭ್ಯರ್ಥಿಯ ಸೀಟು ತಪ್ಪಿದ್ದನ್ನು ನಾನು ಕಂಡಿಲ್ಲ. ಬರೆಯಲು ಬಾರದೆ, ಒಳ್ಳೆಯ ಅಂಕಗಳಿದ್ದೂ ಸಂದರ್ಶನದ ಕರೆ ಬಾರದವರನ್ನು ಮಾತ್ರ ಪ್ರತಿ ವರ್ಷ ಕಾಣುತ್ತೇನೆ. ಆದ್ದರಿಂದ ನಿಯಮವನ್ನು ಪೂರೈಸುವುದು ಒಂದು ಕೆಲಸ, ಬರವಣಿಗೆ ಕಲಿಯುವುದು ಇನ್ನೊಂದು ಕೆಲಸ ಎಂದು ಬೇರೆ ಬೇರೆಯಾಗಿ ಇಟ್ಟುಕೊಂಡು ಯೋಚಿಸಿ. ಮೊದಲನೆಯದನ್ನು ನಿಮ್ಮ ಮಗಳು ಬಹುಮಟ್ಟಿಗೆ ಆಗಲೇ ಮುಗಿಸಿದ್ದಾಳೆ.

ಈ ಗೊಂದಲ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾವು ಪಿಯುಸಿಯಲ್ಲಿ ಪಿಸಿಎಂಬಿ ಓದಿದವರು. ಇಂಗ್ಲಿಷ್, ಕನ್ನಡ ಎರಡೂ ಪಾಸಾದರೆ ಸಾಕಿತ್ತು. ಸೀಟು ನಿರ್ಧರಿಸುತ್ತಿದ್ದುದು ವಿಜ್ಞಾನದ ಅಂಕಗಳು. ಇಂದಿಗೂ ಭಾರತದಲ್ಲಿ ಎಂಬಿಬಿಎಸ್ ಸೇರುವವರು ಹನ್ನೆರಡನೆಯ ತರಗತಿಯಲ್ಲಿ ಇಂಗ್ಲಿಷನ್ನು ಒಂದು ವಿಷಯವಾಗಿ ಪಾಸು ಮಾಡಿರಬೇಕು, ಆದರೆ ನೀಟ್‌ನ 720 ಅಂಕಗಳಲ್ಲಿ ಇಂಗ್ಲಿಷಿಗೆ ಒಂದೂ ಇಲ್ಲ. ಆ ಲೆಕ್ಕವನ್ನೇ ತಲೆಯಲ್ಲಿಟ್ಟುಕೊಂಡು ಇಲ್ಲಿನ ಪಟ್ಟಿ ನೋಡಿದರೆ, ಜೀವವಿಜ್ಞಾನ, ರಸಾಯನವಿಜ್ಞಾನ, ಭೌತವಿಜ್ಞಾನದ ಕೆಳಗೆ ಬರೆದಿರುವ ‘ಇಂಗ್ಲಿಷ್, ಒಂದು ವರ್ಷ’ ಎಂಬ ಸಾಲು ಬರೀ ಔಪಚಾರಿಕವೆಂದು ಕಾಣುತ್ತದೆ. ಇಲ್ಲಿನ ಅರ್ಜಿ ನಡೆಯುವ ರೀತಿಯೇ ಬೇರೆ.

ಮೊದಲು ನಿಯಮದ ಮಾತು ಮುಗಿಸೋಣ. ಅಮೆರಿಕದಲ್ಲಿ ಎಲ್ಲ ವೈದ್ಯಕೀಯ ಶಾಲೆಗಳಿಗೂ ಅನ್ವಯಿಸುವ ಒಂದೇ ಇಂಗ್ಲಿಷ್ ನಿಯಮ ಇಲ್ಲ. ಕೆಲವು ಶಾಲೆಗಳು ಕಾಲೇಜು ಮಟ್ಟದ ಇಂಗ್ಲಿಷ್‌ನಲ್ಲಿ ಎರಡು ಸೆಮಿಸ್ಟರ್, ಅಂದರೆ 6 ಕ್ರೆಡಿಟ್, ಎಂದು ನೇರವಾಗಿ ಕೇಳುತ್ತವೆ. ಟೆಕ್ಸಾಸ್‌ನ ಸರ್ಕಾರಿ ಶಾಲೆಗಳು ಸಾಮಾನ್ಯವಾಗಿ ಈ ಗುಂಪಿನವು. ಹಾರ್ವರ್ಡ್‌ನಂಥವು ಒಂದು ವರ್ಷದ ಬರವಣಿಗೆ ಬಯಸುತ್ತವೆ. ಅದು ಇಂಗ್ಲಿಷ್ ವಿಭಾಗದಲ್ಲೇ ಆಗಬೇಕೆಂದಿಲ್ಲ, ಇತಿಹಾಸ ಅಥವಾ ತತ್ತ್ವಶಾಸ್ತ್ರದ ತರಗತಿಯಲ್ಲಿ ವಾದ ಮಂಡಿಸುವ ದೀರ್ಘ ಪ್ರಬಂಧಗಳನ್ನು ಬರೆದಿದ್ದರೂ ಆಗುತ್ತದೆ. ಸ್ಟ್ಯಾನ್‌ಫರ್ಡ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪೆರೆಲ್‌ಮನ್ ಶಾಲೆಯಂಥವು ಇಂತಿಷ್ಟು ಕೋರ್ಸ್ ಎಂದು ಕಡ್ಡಾಯ ಮಾಡುವುದನ್ನೇ ಬಿಟ್ಟು, ಅಭ್ಯರ್ಥಿಗೆ ಯಾವ ಸಾಮರ್ಥ್ಯಗಳಿರಬೇಕು ಎಂದಷ್ಟೇ ಹೇಳುತ್ತವೆ. ಈ ಬದಲಾವಣೆಗೆ ಬಲ ಬಂದದ್ದು 2009ರಿಂದ ಈಚೆಗೆ. ಆ ವರ್ಷ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ಮತ್ತು ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ ಸೇರಿ ಹೊರತಂದ ವರದಿ, ಕೋರ್ಸುಗಳ ಪಟ್ಟಿಯ ಬದಲು ಸಾಮರ್ಥ್ಯಗಳನ್ನು ನೋಡಿ ಎಂದು ಸಲಹೆ ಮಾಡಿತು. ಲಿಖಿತ ಸಂವಹನ ಎಂಬುದು ಆ ಸಂಘ ಈಗ ಪಟ್ಟಿ ಮಾಡುವ ಸಾಮರ್ಥ್ಯಗಳಲ್ಲಿ ಒಂದು.

ಇದರಿಂದ ನಿಮ್ಮ ಡಾಕ್ಟರ್ ಮಿತ್ರರ ಮಾತಿಗೂ ಉತ್ತರ ಸಿಕ್ಕಿತು. ಸಾಹಿತ್ಯವೇ ಆಗಬೇಕು ಎಂಬುದು ಎಲ್ಲ ಕಡೆಯ ನಿಯಮವಲ್ಲ. ಅವರು ಅರ್ಜಿ ಹಾಕಿದ ಕಾಲದಲ್ಲಿ, ಅವರು ಹಾಕಿದ ಶಾಲೆಯಲ್ಲಿ ಹಾಗೆ ಇದ್ದಿರಬಹುದು. ಆಯಾ ವರ್ಷದ ನಿಯಮ ನೋಡಲು ಎಂಎಸ್‌ಎಆರ್ ಎಂಬ ಅಧಿಕೃತ ಮಾಹಿತಿಕೋಶವಿದೆ, ಪ್ರತಿ ಶಾಲೆಯ ಸ್ವಂತ ಪುಟವೂ ಇದೆ. ಮಗಳು ಮನಸ್ಸಿಟ್ಟಿರುವ ಶಾಲೆಗಳನ್ನು ಅಲ್ಲಿ ಈಗೊಮ್ಮೆ, ಅರ್ಜಿ ಹಾಕುವ ಮುಂಚಿನ ಚಳಿಗಾಲದಲ್ಲಿ ಇನ್ನೊಮ್ಮೆ ನೋಡಲಿ.

ಡ್ಯುಯಲ್ ಕ್ರೆಡಿಟ್ ಕೋರ್ಸುಗಳ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಮನೆಯವರು ತಪ್ಪಾಗಿ ತಿಳಿದುಕೊಳ್ಳುವುದು ಇಲ್ಲಿಯೇ. ಟೆಕ್ಸಾಸ್‌ನಲ್ಲಿ ಕೋರ್ಸುಗಳಿಗೆ ರಾಜ್ಯದಾದ್ಯಂತ ನಡೆಯುವ ಸಾಮಾನ್ಯ ಸಂಖ್ಯೆಗಳಿವೆ. 1301ರಲ್ಲಿ ಮೊದಲ ಅಂಕಿ ಒಂದನೆಯ ವರ್ಷದ ಮಟ್ಟವನ್ನೂ ಎರಡನೆಯ ಅಂಕಿ 3 ಕ್ರೆಡಿಟ್ ಎಂಬುದನ್ನೂ ಹೇಳುತ್ತದೆ. 1301, 1302 ಎರಡೂ ಸೇರಿದರೆ 6 ಕ್ರೆಡಿಟ್. ಹೈಸ್ಕೂಲಿನ ಕಟ್ಟಡದಲ್ಲೇ ಕುಳಿತು ಕಲಿತಿದ್ದರೂ ಅವು ಕಾಲೇಜಿನ ಅಂಕಪಟ್ಟಿಯಲ್ಲಿ ದಾಖಲಾದ ಕಾಲೇಜು ಕೋರ್ಸುಗಳು. ಟೆಕ್ಸಾಸ್‌ನ ಸರ್ಕಾರಿ ಶಾಲೆಗಳಿಗೆ ಅರ್ಜಿ ಹೋಗುವುದು ಟಿಎಂಡಿಎಸ್‌ಎಎಸ್ ಎಂಬ ವ್ಯವಸ್ಥೆಯ ಮೂಲಕ. ಅಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಇದ್ದರೆ ಇಂಗ್ಲಿಷ್ ನಿಯಮಕ್ಕೆ ಅವು ಸಾಕು. ರಾಜ್ಯದ ನೆರವಿನ ಶಾಲೆಗಳಲ್ಲಿ ಹೊರ ರಾಜ್ಯದವರಿಗೆ ಕೊಡುವ ಸೀಟು ಶೇ 10 ಮೀರಬಾರದೆಂಬ ಕಾನೂನು ಟೆಕ್ಸಾಸ್‌ನಲ್ಲಿದೆ. ಆದ್ದರಿಂದ ನಿಮ್ಮ ಮಗಳ ಸೀಟು ಎಲ್ಲಿ ಸಿಗುವ ಸಾಧ್ಯತೆ ಹೆಚ್ಚೋ ಅಲ್ಲಿ ಅವಳ ಇಂಗ್ಲಿಷ್ ನಿಯಮ ಈಗಾಗಲೇ ಪೂರ್ಣವಾಗಿದೆ.

ಇದರ ಇನ್ನೊಂದು ಮಗ್ಗುಲು ಹಲವರಿಗೆ ಗೊತ್ತಿರುವುದಿಲ್ಲ. ಈಗಿನ ವಿಶ್ವವಿದ್ಯಾಲಯ ಆ ಎರಡು ಕೋರ್ಸುಗಳ ಕ್ರೆಡಿಟ್ ಮಾತ್ರ ವರ್ಗಾಯಿಸಿಕೊಂಡು, ಗ್ರೇಡನ್ನು ತನ್ನ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಸೇರಿಸದೆ ಬಿಟ್ಟಿರಬಹುದು. ಅವಳ ಅಂಕಪಟ್ಟಿಯಲ್ಲಿ ಆ ಬಿ ಕಾಣದೆಯೂ ಇರಬಹುದು. ಆದರೆ ಟಿಎಂಡಿಎಸ್‌ಎಎಸ್ ಆಗಲಿ, ಉಳಿದ ರಾಜ್ಯಗಳ ಬಹುತೇಕ ಶಾಲೆಗಳು ಬಳಸುವ ಆಮ್‌ಕಾಸ್ ಆಗಲಿ, ಓದಿದ ಪ್ರತಿಯೊಂದು ಕಾಲೇಜಿನ ಅಂಕಪಟ್ಟಿಯನ್ನೂ ಕೇಳುತ್ತವೆ, ಹೈಸ್ಕೂಲ್ ಕಾಲದ ಕಮ್ಯುನಿಟಿ ಕಾಲೇಜಿನದನ್ನೂ ಸೇರಿಸಿ. ಆ ಗ್ರೇಡುಗಳು ಅವರ ಲೆಕ್ಕಕ್ಕೆ ಬರುತ್ತವೆ. ವರ್ಗಾವಣೆಯಾಗಿದೆಯಲ್ಲ ಎಂದು ಹಳೆಯ ಕಾಲೇಜಿನ ಹೆಸರನ್ನು ಬಿಟ್ಟುಬಿಡುವುದು ಬಿ ಗ್ರೇಡಿಗಿಂತ ಎಷ್ಟೋ ಗಂಭೀರ. ಪರಿಶೀಲನೆಯಲ್ಲಿ ಅರ್ಜಿ ವಾರಗಟ್ಟಲೆ ನಿಲ್ಲುತ್ತದೆ, ಪ್ರಾಮಾಣಿಕತೆಯ ಪ್ರಶ್ನೆಯೂ ಏಳಬಹುದು.

ಈಗ ನಿಮ್ಮ ಯಜಮಾನರ ಸಲಹೆ. ಎ ಗ್ರೇಡಿಗೆ 4, ಬಿ ಗ್ರೇಡಿಗೆ 3 ಎಂಬ ಲೆಕ್ಕದಲ್ಲೇ ನೋಡೋಣ. ನಿಮ್ಮ ಮಗಳು ಪದವಿಯ 120 ಕ್ರೆಡಿಟ್‌ಗಳಲ್ಲಿ ಆ ಮೂರನ್ನು ಬಿಟ್ಟು ಎಲ್ಲದರಲ್ಲೂ ಎ ಪಡೆದಳು ಎಂದಿಟ್ಟುಕೊಳ್ಳಿ. ಆ ಒಂದು ಬಿ ಇಂದ ಜಿಪಿಎ 4.0 ಬದಲು 3.975 ಆಗುತ್ತದೆ. ಅದೇ ಕೋರ್ಸನ್ನು ಮತ್ತೆ ಮಾಡಿ ಎ ತೆಗೆದರೆ ಹಳೆಯದು ಅಳಿಸಿಹೋಗುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಹಳೆಯ ಗ್ರೇಡ್ ಮನ್ನಾ ಮಾಡುವ ಸೌಲಭ್ಯ ಇದ್ದರೂ ಈ ಎರಡು ಅರ್ಜಿ ವ್ಯವಸ್ಥೆಗಳು ಎರಡೂ ಪ್ರಯತ್ನಗಳನ್ನು ಎಣಿಸುತ್ತವೆ. ಆಗ 123 ಕ್ರೆಡಿಟ್‌ಗಳಿಗೆ 3.9756 ಬರುತ್ತದೆ. ಇಡೀ ಒಂದು ಸೆಮಿಸ್ಟರಿನ ದುಡಿಮೆಗೆ ಸಿಕ್ಕ ಲಾಭ 0.0006. ಅದರ ಮೇಲೆ, ಬಿ ಗ್ರೇಡನ್ನು ಸಹಿಸಲಾರದೆ ಮೊದಲ ವರ್ಷದ ಕೋರ್ಸಿಗೆ ಹಿಂದಿರುಗಿದ ವಿದ್ಯಾರ್ಥಿಯ ಬಗ್ಗೆ ಅರ್ಜಿ ಓದುವವರಿಗೆ ಹುಟ್ಟುವ ಅಭಿಪ್ರಾಯವೂ ಅಷ್ಟು ಒಳ್ಳೆಯದಲ್ಲ. ಎರಡನೆಯ ಕೋರ್ಸಿನಲ್ಲಿ ಎ ಬಂದಿದೆ, ಅದೇ ಸಾಕಷ್ಟು ಹೇಳುತ್ತದೆ. ಅಂದ ಹಾಗೆ, ಇಂಗ್ಲಿಷ್ ಗ್ರೇಡು ವಿಜ್ಞಾನದ ಜಿಪಿಎಯನ್ನು ಮುಟ್ಟುವುದೇ ಇಲ್ಲ. ಜೀವವಿಜ್ಞಾನ, ರಸಾಯನವಿಜ್ಞಾನ, ಭೌತವಿಜ್ಞಾನ, ಗಣಿತಕ್ಕೆ ಒಂದು ಸರಾಸರಿ, ಉಳಿದೆಲ್ಲಕ್ಕೆ ಇನ್ನೊಂದು ಸರಾಸರಿ ತೆಗೆಯುತ್ತಾರೆ.

ಇಲ್ಲಿಗೆ ನಿಯಮದ ಅಧ್ಯಾಯ ಮುಗಿಯಿತು. ಹಾಗಾದರೆ ಅವಳು ಇನ್ನು ಇಂಗ್ಲಿಷ್ ತರಗತಿಯ ಕಡೆ ತಲೆಯೇ ಹಾಕಬೇಕಿಲ್ಲವೇ? ಹಾಕಬೇಕು. ವಿಶ್ವವಿದ್ಯಾಲಯದಲ್ಲೇ ಇನ್ನೊಂದು ಬರವಣಿಗೆಯ ಕೋರ್ಸ್ ಮಾಡಲಿ ಎಂಬುದು ನನ್ನ ಖಚಿತ ಸಲಹೆ. ಹೊರ ರಾಜ್ಯದ ಕೆಲವು ಶಾಲೆಗಳಿಗೆ ಹೈಸ್ಕೂಲ್ ಕಾಲದ ಕ್ರೆಡಿಟ್ ಮಾತ್ರ ಇದ್ದರೆ ಅಸಮಾಧಾನ; ನಾಲ್ಕು ವರ್ಷದ ಕಾಲೇಜಿನಲ್ಲಿ ಅದಕ್ಕಿಂತ ಮೇಲಿನ ಮಟ್ಟದ ಒಂದು ಕೋರ್ಸ್ ಇದ್ದರೆ ಬಾಯಿ ಮುಚ್ಚಿಸಬಹುದು. ಇದು ಸಣ್ಣ ಕಾರಣ. ದೊಡ್ಡ ಕಾರಣ ಅರ್ಜಿಯ ಸ್ವರೂಪದಲ್ಲೇ ಇದೆ.

ಆಮ್‌ಕಾಸ್ ಅರ್ಜಿಯಲ್ಲಿ ‘ಏಕೆ ವೈದ್ಯಳಾಗಬೇಕು’ ಎಂಬುದಕ್ಕೆ ಖಾಲಿ ಜಾಗವೂ ಸೇರಿ 5,300 ಅಕ್ಷರ ಮೀರದ ಪ್ರಬಂಧ ಬೇಕು. ಟಿಎಂಡಿಎಸ್‌ಎಎಸ್‌ನಲ್ಲಿ 5,000. ಆಮ್‌ಕಾಸ್‌ನ ಅನುಭವಗಳ ವಿಭಾಗದಲ್ಲಿ 15ರವರೆಗೆ ಚಟುವಟಿಕೆಗಳು, ಒಂದೊಂದಕ್ಕೂ 700 ಅಕ್ಷರ. ಅವುಗಳಲ್ಲಿ ಅತಿ ಮುಖ್ಯವಾದ ಮೂರಕ್ಕೆ ಇನ್ನೂ 1,325. ಇಷ್ಟು ಮುಗಿದ ಮೇಲೆ ಒಂದೊಂದು ಶಾಲೆಯೂ ತನ್ನದೇ ಪ್ರಶ್ನೆಗಳನ್ನು ಕಳುಹಿಸುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಭ್ಯರ್ಥಿಗಳು ಹತ್ತಾರು ಪ್ರಬಂಧ ಬರೆಯುತ್ತಾ ಕೂರುತ್ತಾರೆ. ಎಂಕ್ಯಾಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿದ್ದ ಬರವಣಿಗೆಯ ಭಾಗವನ್ನು 2013ರಲ್ಲಿ ತೆಗೆದರು ನಿಜ. ಅದನ್ನು ಕೇಳಿ ಬರವಣಿಗೆಯೇ ಬೇಡವಾಯಿತು ಎಂದುಕೊಂಡವರು ಅರ್ಜಿಯನ್ನು ನೋಡಿಲ್ಲ.

ಹಿಂದೊಮ್ಮೆ ನನ್ನ ಮೇಜಿಗೆ ಬಂದ ಒಂದು ಕರಡು ಹೀಗೆ ಶುರುವಾಗಿತ್ತು: ‘ಚಿಕ್ಕಂದಿನಿಂದಲೂ ನನಗೆ ಜನಸೇವೆಯಲ್ಲಿ ಆಸಕ್ತಿ. ಆರೋಗ್ಯ ಶಿಬಿರಗಳಲ್ಲಿ ಕೆಲಸ ಮಾಡಿ ಕರುಣೆಯ ಮಹತ್ವ ಅರಿತೆ.’ ತಪ್ಪು ಹುಡುಕಿದರೂ ಸಿಗದು, ಮತ್ತು ಓದಿದ ಮರುಕ್ಷಣ ಮರೆತುಹೋಗುತ್ತದೆ. ಆ ಹುಡುಗ ಆಗ ಸೃಜನಾತ್ಮಕ ಪ್ರಬಂಧದ ತರಗತಿಯೊಂದರಲ್ಲಿದ್ದ. ಅವನ ಅಧ್ಯಾಪಕಿ ಅಂಚಿನಲ್ಲಿ ಮೂರೇ ಪ್ರಶ್ನೆ ಬರೆದಿದ್ದರು: ಯಾವ ಶಿಬಿರ? ಎದುರಿಗೆ ಯಾರು ಕುಳಿತಿದ್ದರು? ನಿನ್ನ ಕೈಯಲ್ಲಿ ಏನಿತ್ತು? ಹಲವು ಕರಡುಗಳಾದ ಮೇಲೆ ಅದೇ ಪ್ರಬಂಧ ದೇವಸ್ಥಾನದ ಊಟದ ಹಾಲ್‌ನಲ್ಲಿ ನಡೆದ ಶಿಬಿರದಿಂದ ಆರಂಭವಾಯಿತು. ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರ ರಕ್ತದೊತ್ತಡವನ್ನು ಇವನು ಅಳೆಯುತ್ತಾನೆ: 168/94. ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದರೆ ಹೌದು ಎನ್ನುತ್ತಾರೆ. ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದಾಗ ಗೊತ್ತಾಗುತ್ತದೆ, ಊರಿನಿಂದ ತಂದ ಮಾತ್ರೆ ವಾಪಸು ಹೋಗುವವರೆಗೆ ಬರಲಿ ಎಂದು ದಿನ ಬಿಟ್ಟು ದಿನ ನುಂಗುತ್ತಿದ್ದಾರೆ. ಆ ಹಾಳೆಯ ಮೇಲಿದ್ದ ‘ಔಷಧ: ಹೌದು/ಇಲ್ಲ’ ಎಂಬ ಖಾನೆಯಲ್ಲಿ ಈ ಉತ್ತರಕ್ಕೆ ಜಾಗ ಇರಲಿಲ್ಲ ಎಂದು ಅವನು ಬರೆದಿದ್ದ. ಕರುಣೆ ಎಂಬ ಮಾತು ಎಲ್ಲೂ ಇರಲಿಲ್ಲ. ಅನುಭವ ಎರಡು ಕರಡುಗಳಲ್ಲೂ ಒಂದೇ. ಅದನ್ನು ಕಾಗದಕ್ಕೆ ತರಲು ಅವನಿಗೆ ಒಂದು ಸೆಮಿಸ್ಟರ್ ಬೇಕಾಯಿತು.

ಆದ್ದರಿಂದ ಕೋರ್ಸ್ ಆರಿಸುವಾಗ ನಾನು ಶೀರ್ಷಿಕೆಯನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು, ಎಷ್ಟು ಪುಟ ಬರೆಸುತ್ತಾರೆ, ಬರೆದದ್ದನ್ನು ತಿದ್ದಿ ಹಿಂದಿರುಗಿಸಿ ಮತ್ತೆ ಬರೆಸುತ್ತಾರೆಯೇ, ತರಗತಿಯಲ್ಲಿ ಎಷ್ಟು ಮಂದಿ. ಇದನ್ನು ತಿಳಿಯಲು ಟೆಕ್ಸಾಸ್‌ನಲ್ಲಿ ಒಂದು ಅನುಕೂಲವಿದೆ, ವಿದ್ಯಾರ್ಥಿಗಳು ಬಳಸಿಕೊಳ್ಳುವುದು ಅಪರೂಪ. 2009ರಲ್ಲಿ ಬಂದ ರಾಜ್ಯದ ಕಾನೂನಿನ ಪ್ರಕಾರ ಸರ್ಕಾರಿ ಕಾಲೇಜುಗಳು ಪದವಿ ಕೋರ್ಸುಗಳ ಸಿಲಬಸ್ಸನ್ನು ಜಾಲತಾಣದಲ್ಲಿ, ಮುಖಪುಟದಿಂದ ಮೂರು ಕ್ಲಿಕ್‌ಗಳೊಳಗೆ ಸಿಗುವಂತೆ ಹಾಕಬೇಕು. ಮುಖ್ಯ ಅಸೈನ್‌ಮೆಂಟ್‌ಗಳು, ಓದಬೇಕಾದ ಪುಸ್ತಕಗಳು ಅದರಲ್ಲಿರಬೇಕು. ಅಧ್ಯಾಪಕರ ಸ್ವವಿವರವೂ ಇರುತ್ತದೆ. ಮಗಳು ನೋಂದಣಿಗೆ ಮುಂಚೆ ಹಿಂದಿನ ಸೆಮಿಸ್ಟರಿನ ಸಿಲಬಸ್ಸುಗಳನ್ನು ತೆರೆದು ಕುಳಿತರೆ ಅರ್ಧ ಗಂಟೆಯಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ನಾಲ್ಕು ಪ್ರಬಂಧ, ಪ್ರತಿಯೊಂದಕ್ಕೂ ಕರಡು, ಅಧ್ಯಾಪಕರೊಂದಿಗೆ ಮುಖಾಮುಖಿ ಚರ್ಚೆ ಎಂದಿದ್ದರೆ ಕಣ್ಣು ಮುಚ್ಚಿ ಸೇರಬಹುದು. ಎರಡು ಬಹು ಆಯ್ಕೆ ಪರೀಕ್ಷೆ, ಕೊನೆಯಲ್ಲೊಂದು ಗುಂಪು ಪ್ರಾಜೆಕ್ಟ್ ಎಂದಿದ್ದರೆ, ಹೆಸರಿನಲ್ಲಿ ಬರವಣಿಗೆ ಎಂದಿದ್ದರೂ ಬಿಟ್ಟುಬಿಡಲಿ.

ಸೃಜನಶೀಲ ಬರವಣಿಗೆಗೆ ನೀವು ಹೆದರುತ್ತಿದ್ದೀರಿ. ನಾನಾದರೆ ಅವಳ ಆಸೆಗೆ ಅಡ್ಡಿ ಮಾಡುವುದಿಲ್ಲ. ಅದು ಇಂಗ್ಲಿಷ್ ವಿಭಾಗದ ಕೋರ್ಸ್, ಅರ್ಜಿಯಲ್ಲಿ ಇಂಗ್ಲಿಷ್ ಎಂದೇ ವರ್ಗೀಕರಣವಾಗುತ್ತದೆ. ಟೆಕ್ಸಾಸ್ ಸಂಖ್ಯಾಕ್ರಮದಲ್ಲಿ 2307 ಇದೇ. ಸಾಮಾನ್ಯವಾಗಿ ತರಗತಿ ಚಿಕ್ಕದು. ಬರೆದದ್ದನ್ನು ಎಲ್ಲರೂ ಓದಿ, ಎದುರಿಗೇ ಚರ್ಚಿಸುತ್ತಾರೆ. ತನ್ನ ಬರಹದ ಟೀಕೆಯನ್ನು ಬಾಯಿ ಮುಚ್ಚಿಕೊಂಡು ಕೇಳುವುದು ಮುಂದೆ ವಾರ್ಡಿನಲ್ಲಿ ಹಿರಿಯ ವೈದ್ಯರ ಮುಂದೆ ನಿಲ್ಲುವವಳಿಗೆ ಒಳ್ಳೆಯ ಅಭ್ಯಾಸ. ಅಪಾಯವೂ ಇದೆ. ಗ್ರೇಡು ಕೊಡುವವರ ಅಭಿರುಚಿಯ ಮೇಲೆ ಸ್ವಲ್ಪ ನಿಂತಿರುತ್ತದೆ, ಕವಿತೆಯೇ ಪ್ರಧಾನವಾದ ತರಗತಿಯಲ್ಲಿ ಪ್ರಬಂಧ ಕಲಿಯಲು ಆಗುವುದಿಲ್ಲ. ಆತ್ಮಕಥನ ಅಥವಾ ಲಲಿತ ಪ್ರಬಂಧಕ್ಕೆ ಒತ್ತು ಕೊಡುವ ತರಗತಿ ಸಿಕ್ಕರೆ ಅದು ಅವಳ ಉದ್ದೇಶಕ್ಕೆ ಹೇಳಿ ಮಾಡಿಸಿದ್ದು. ಇನ್ನು ಬಿ ಬಂದರೆ? ಮೇಲಿನ ಲೆಕ್ಕ ನೋಡಿ.

ತಾಂತ್ರಿಕ ಬರವಣಿಗೆಯನ್ನು, ಅಂದರೆ 2311 ಅನ್ನು, ವಿಜ್ಞಾನದ ವಿದ್ಯಾರ್ಥಿಗಳು ಸುಲಭವೆಂದು ಆರಿಸುತ್ತಾರೆ. ಚುಟುಕಾಗಿ, ಗೊಂದಲವಿಲ್ಲದೆ ಬರೆಯುವುದನ್ನು ಅದು ಕಲಿಸುತ್ತದೆ. ಆದರೆ ಹಲವು ಕಡೆ ಅದು ವ್ಯವಹಾರ ಪತ್ರ, ರೆಸ್ಯೂಮೆ, ಗುಂಪು ವರದಿಗಳಲ್ಲೇ ಮುಗಿದುಹೋಗುತ್ತದೆ. ಪ್ರಯೋಗಾಲಯದ ವರದಿ ಬರೆದು ರೂಢಿಯಿರುವ ಹುಡುಗಿಗೆ ಇದರಿಂದ ಹೊಸದೇನೂ ಸಿಗದೆ ಇರಬಹುದು.

ಸಾಹಿತ್ಯದ ಕೋರ್ಸ್ ಕಡ್ಡಾಯವಲ್ಲ ಎಂದೆ. ಆದರೂ ನಿಮ್ಮ ಡಾಕ್ಟರ್ ಮಿತ್ರರ ಮಾತಿನಲ್ಲಿ ಒಂದು ಹುರುಳಿದೆ. ಎಂಕ್ಯಾಟ್‌ನ ನಾಲ್ಕು ವಿಭಾಗಗಳಲ್ಲಿ ಕಾರ್ಸ್ ಎಂಬುದು ಓದಿ ಗ್ರಹಿಸುವ ವಿಭಾಗ: 90 ನಿಮಿಷ, 53 ಪ್ರಶ್ನೆ, ಒಂಬತ್ತು ಉದ್ಧೃತ ಭಾಗಗಳು. ತತ್ತ್ವಶಾಸ್ತ್ರ, ಕಲೆ, ಇತಿಹಾಸ, ಸಮಾಜಶಾಸ್ತ್ರದಿಂದ ಆಯ್ದವು. ವಿಜ್ಞಾನ ಇಲ್ಲ, ಕಂಠಪಾಠಕ್ಕೆ ಬೆಲೆಯಿಲ್ಲ. ಉತ್ತರ ಎದುರಿಗಿರುವ ಬರಹದಲ್ಲೇ ಇರುತ್ತದೆ. ರಸಾಯನವಿಜ್ಞಾನದಲ್ಲಿ ನೀರು ಕುಡಿದಷ್ಟು ಸುಲಭವಾಗಿ ಅಂಕ ಗಳಿಸುವ ನಮ್ಮ ಮಕ್ಕಳು ಇಲ್ಲಿ ಎಡವುವುದನ್ನು ನೋಡಿದ್ದೇನೆ, ಅದರಲ್ಲೂ ಮಧ್ಯದಲ್ಲಿ ದೇಶ ಬದಲಿಸಿ ಬಂದವರು. ಅವರಿಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ತಮಗೆ ಆಸಕ್ತಿಯಿಲ್ಲದ ವಿಷಯದ ಮೇಲೆ ಬರೆದ ಸುತ್ತುಬಳಸಿನ ವಾದವನ್ನು ತಾಳ್ಮೆಯಿಂದ ಹಿಂಬಾಲಿಸಿ ಅಭ್ಯಾಸವಿಲ್ಲ, ಅಷ್ಟೆ. ಸಾಹಿತ್ಯ ಅಥವಾ ತತ್ತ್ವಶಾಸ್ತ್ರದ ಕಠಿಣ ಓದಿನ ಕೋರ್ಸ್ ಈ ಅಭ್ಯಾಸ ಮಾಡಿಸುತ್ತದೆ. ಒಂದೇ ಸೆಮಿಸ್ಟರಿನಿಂದ ಅಂಕ ಜಿಗಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಂಕ್ಯಾಟ್‌ಗೆ ಒಂದು ವರ್ಷ ಮುಂಚೆ ಮಾಡಿದರೆ ಓದಿನ ದಮ್ಮು ಬೆಳೆಯುತ್ತದೆ ಎಂಬುದಷ್ಟೇ ನಾನು ಹೇಳಬಲ್ಲದ್ದು.

ಈಚೆಗೆ ‘ವೈದ್ಯಕೀಯ ಮಾನವಿಕ’, ‘ಆರೋಗ್ಯ ಮತ್ತು ಬರವಣಿಗೆ’ ಎಂಬಂಥ ಆಕರ್ಷಕ ಹೆಸರಿನ ಕೋರ್ಸುಗಳು ಎಲ್ಲ ಕಡೆ ಇವೆ. ಚೆನ್ನಾಗಿಯೂ ಇರುತ್ತವೆ. ಆದರೆ ಅವು ಯಾವ ವಿಭಾಗದ್ದು ಎಂದು ನೋಡಿಕೊಳ್ಳಬೇಕು. ಸಂವಹನ ವಿಭಾಗದ ಅಥವಾ ಜೀವವಿಜ್ಞಾನ ವಿಭಾಗದ ಕೋರ್ಸ್ ಅರ್ಜಿಯಲ್ಲಿ ಇಂಗ್ಲಿಷ್ ಎಂದು ನಿಲ್ಲದೆ ಹೋಗಬಹುದು. ಭಾಷಣಕಲೆಯ ಕೋರ್ಸಿಗೂ ಇದೇ ತೊಂದರೆ. ಆಮ್‌ಕಾಸ್‌ನಲ್ಲಿ ಪ್ರತಿ ಕೋರ್ಸಿಗೆ ವರ್ಗವನ್ನು ಅಭ್ಯರ್ಥಿಯೇ ಗುರುತಿಸಬೇಕು, ಕೋರ್ಸಿನ ಮುಖ್ಯ ವಿಷಯ ಏನೋ ಅದರಂತೆ, ಅವರು ಪರಿಶೀಲಿಸುತ್ತಾರೆ. ಅಲ್ಲಿ ಇಂಗ್ಲಿಷ್ ಎಂದು ದಾಖಲಾದ ಮಾತ್ರಕ್ಕೆ ಒಂದು ನಿರ್ದಿಷ್ಟ ಶಾಲೆ ತನ್ನ ನಿಯಮಕ್ಕೆ ಅದನ್ನು ಒಪ್ಪಲೇಬೇಕೆಂದಿಲ್ಲ. ಅನುಮಾನ ಬಂದರೆ ಸಿಲಬಸ್ ಲಗತ್ತಿಸಿ ಆ ಶಾಲೆಯ ಪ್ರವೇಶ ಕಚೇರಿಗೆ ಮಿಂಚಂಚೆ ಬರೆಯಲಿ, ಬಂದ ಉತ್ತರವನ್ನು ಜೋಪಾನವಾಗಿಡಲಿ. ನಿಮ್ಮ ಮಗಳ 6 ಕ್ರೆಡಿಟ್ ಆಗಲೇ ಇರುವುದರಿಂದ ಅವಳು ಈ ಚಿಂತೆಯಿಲ್ಲದೆ ಇಂಥ ಕೋರ್ಸನ್ನೂ ಆರಿಸಬಹುದು.

ಬೇಸಿಗೆಯಲ್ಲಿ ಸುಲಭದ್ದೊಂದು ಮುಗಿಸುವ ಸಲಹೆ ಬಂದಿದೆಯಲ್ಲ, ಅದು ನಿಯಮ ಪೂರೈಸಬೇಕಾದವರಿಗೆ ತಪ್ಪೇನಲ್ಲ. ಕಮ್ಯುನಿಟಿ ಕಾಲೇಜಿನ ಇಂಗ್ಲಿಷಿಗೆ ವೈದ್ಯಕೀಯ ಶಾಲೆಗಳು ವಿಜ್ಞಾನದ ಕೋರ್ಸುಗಳಷ್ಟು ಹುಬ್ಬೇರಿಸುವುದಿಲ್ಲ. ಆದರೆ ಐದು ವಾರದಲ್ಲಿ ಓಡಿಸುವ ಬೇಸಿಗೆ ತರಗತಿಯಲ್ಲಿ ಬರೆದದ್ದು ತಣ್ಣಗಾಗಿ, ಮತ್ತೆ ಓದಿ, ತಿದ್ದುವಷ್ಟು ಸಮಯವೇ ಇರುವುದಿಲ್ಲ. ನಿಮ್ಮ ಮಗಳಿಗೆ ಬೇಕಿರುವುದು ಆ ಸಮಯ. ಗ್ರೇಡ್ ಬದಲು ಪಾಸು/ನಪಾಸು ಆಯ್ಕೆ ಮಾಡಿಕೊಳ್ಳುವುದೂ ಬೇಡ. ಹಲವು ಶಾಲೆಗಳು ನಿಯಮದ ಕೋರ್ಸುಗಳಿಗೆ ಅಕ್ಷರ ಗ್ರೇಡನ್ನೇ ಬಯಸುತ್ತವೆ.

ಯಾವಾಗ ಮಾಡಬೇಕೆಂದರೆ, ಎರಡನೆಯ ವರ್ಷದಲ್ಲಿ, ಸಾವಯವ ರಸಾಯನದ ಎರಡು ಸೆಮಿಸ್ಟರ್‌ಗಳಲ್ಲಿ ಹೊರೆ ಕಡಿಮೆ ಇರುವ ಕಡೆ. ಮೂರನೆಯ ವರ್ಷದ ಕೊನೆಗೆ ಅರ್ಜಿ ಹಾಕುವುದಾದರೆ, ಅಷ್ಟರಲ್ಲಿ ಅಧ್ಯಾಪಕರಿಗೆ ಅವಳ ಪರಿಚಯ ಚೆನ್ನಾಗಿ ಆಗಿರುತ್ತದೆ. ಇದು ಯಾರೂ ಲೆಕ್ಕಕ್ಕೆ ಹಿಡಿಯದ ಲಾಭ. ಬಹಳಷ್ಟು ಶಾಲೆಗಳು ಶಿಫಾರಸು ಪತ್ರಗಳಲ್ಲಿ ಒಂದಾದರೂ ವಿಜ್ಞಾನೇತರ ಅಧ್ಯಾಪಕರಿಂದ ಬರಲಿ ಎನ್ನುತ್ತವೆ. ಮುನ್ನೂರು ಮಂದಿಯ ಮನೋವಿಜ್ಞಾನ ತರಗತಿಯ ಪ್ರಾಧ್ಯಾಪಕರು ಅವಳ ಬಗ್ಗೆ ಏನು ಬರೆದಾರು? ಹದಿನೈದು ಮಂದಿಯ ತರಗತಿಯಲ್ಲಿ ಅವಳ ನಾಲ್ಕು ಕರಡುಗಳನ್ನು ಓದಿದವರು ನಿಜವಾಗಿ ಏನಾದರೂ ಬರೆಯಬಲ್ಲರು.

ಶಿವಮೊಗ್ಗದಿಂದ ಬಂದವಳೆಂಬ ಕಾರಣಕ್ಕೆ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವ ತರಗತಿಗೆ ಹಾಕುವ ಯೋಚನೆ ಇದ್ದರೆ, ಅದರ ಕ್ರೆಡಿಟ್ ಸಾಮಾನ್ಯವಾಗಿ ಈ ನಿಯಮಕ್ಕೆ ಒದಗುವುದಿಲ್ಲ, 1302ರಲ್ಲಿ ಎ ಪಡೆದವಳಿಗೆ ಅದರ ಅಗತ್ಯವೂ ಇಲ್ಲ. ವಿಶ್ವವಿದ್ಯಾಲಯಗಳಲ್ಲಿ ಬರವಣಿಗೆ ಕೇಂದ್ರ ಎಂಬ ಸೌಲಭ್ಯ ಇರುತ್ತದೆ, ಸಾಮಾನ್ಯವಾಗಿ ಉಚಿತ. ಕರಡು ಹಿಡಿದು ಹೋದರೆ ಜೊತೆಗೆ ಕೂತು ಓದುತ್ತಾರೆ. ಕೃತಕ ಬುದ್ಧಿಮತ್ತೆಯಿಂದ ಪ್ರಬಂಧ ಬರೆಸುವ ಬಗ್ಗೆಯೂ ಈಗ ಎಲ್ಲರೂ ಕೇಳುತ್ತಾರೆ. ಯೋಚನೆ ಹೊಳೆಯಿಸಿಕೊಳ್ಳಲು, ತಪ್ಪು ತಿದ್ದಲು ಬಳಸಬಹುದು, ಅಂತಿಮ ಬರಹ ಮಾತ್ರ ಸ್ವಂತದ್ದಾಗಿರಬೇಕು ಎಂಬುದು ಆಮ್‌ಕಾಸ್ ನಿಲುವು, ಅದಕ್ಕೆ ಅಭ್ಯರ್ಥಿ ದೃಢೀಕರಣ ಕೊಡಬೇಕು. ಯಂತ್ರ ಬರೆದದ್ದು ಆ ‘ಚಿಕ್ಕಂದಿನಿಂದಲೂ ಜನಸೇವೆ’ಯ ಕರಡಿನಂತೆಯೇ ಇರುತ್ತದೆ ಎಂಬುದು ನನ್ನ ಅನುಭವ.

ಕ್ಯಾಲಿಫೋರ್ನಿಯಾದಲ್ಲಿರುವ ಓದುಗರಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಅಲ್ಲಿನ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಬರ್ಕ್ಲಿ, ಮರ್ಸೆಡ್ ಬಿಟ್ಟು ಉಳಿದ ಪದವಿ ಕ್ಯಾಂಪಸ್‌ಗಳದ್ದು ಕ್ವಾರ್ಟರ್ ಪದ್ಧತಿ, ಅಂದರೆ ವರ್ಷವನ್ನು ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಾಗಿ ಹಂಚುವ ಪದ್ಧತಿ. ಒಂದೂವರೆ ಕ್ವಾರ್ಟರ್ ಕ್ರೆಡಿಟ್‌ಗೆ ಒಂದು ಸೆಮಿಸ್ಟರ್ ಕ್ರೆಡಿಟ್. 4 ಕ್ರೆಡಿಟ್‌ನ ಎರಡು ಕೋರ್ಸ್ ಮಾಡಿ ಒಂದು ವರ್ಷ ಮುಗಿಯಿತೆಂದುಕೊಂಡರೆ ಆಗುವುದು 5.33, 6 ಕೇಳುವ ಶಾಲೆಗೆ ಕೂದಲೆಳೆಯಷ್ಟು ಕಡಿಮೆ. ಮೂರನೆಯ ಕೋರ್ಸ್ ಬೇಕಾಗಬಹುದು.

ಇನ್ನು ನಿಮ್ಮ ತಮ್ಮನ ಮಗನ ವಿಷಯ. ಮೈಸೂರಿನ ಬಿ.ಎಸ್ಸಿ.ಯ ಇಂಗ್ಲಿಷ್ ಪತ್ರಿಕೆಗಳು ಇಲ್ಲಿ ನಡೆಯುವುದಿಲ್ಲವೆಂದೇ ತಿಳಿದುಕೊಳ್ಳುವುದು ಕ್ಷೇಮ. ವಿದೇಶಿ ಕಾಲೇಜಿನ ಗ್ರೇಡುಗಳನ್ನು ಆಮ್‌ಕಾಸ್ ಪರಿಶೀಲಿಸಿ ಜಿಪಿಎ ಮಾಡಿಕೊಡುವುದಿಲ್ಲ. ಬಹಳಷ್ಟು ಶಾಲೆಗಳು ನಿಯಮದ ಕೋರ್ಸುಗಳನ್ನು, ಇಂಗ್ಲಿಷ್ ಒಂದನ್ನೇ ಅಲ್ಲ, ಅಮೆರಿಕ ಅಥವಾ ಕೆನಡಾದಲ್ಲಿ ಮಾಡಿರಬೇಕು ಎನ್ನುತ್ತವೆ. ಅಂದರೆ ಇಲ್ಲಿಗೆ ಬಂದು ಕನಿಷ್ಠ ಒಂದೆರಡು ವರ್ಷ ಮತ್ತೆ ಪದವಿ ಮಟ್ಟದ ಓದು. ಅದಾದ ಮೇಲೂ ವಿದ್ಯಾರ್ಥಿ ವೀಸಾದ ಮೇಲಿರುವವರನ್ನು ಪರಿಗಣಿಸುವ ಶಾಲೆಗಳು ಕಡಿಮೆ, ಅವುಗಳಲ್ಲಿ ಕೆಲವು ಪೂರ್ತಿ ಶುಲ್ಕದ ಹಣ ಮುಂಚಿತವಾಗಿಯೇ ತೋರಿಸಬೇಕೆಂದು ಕೇಳುತ್ತವೆ. ಡಾಕ್ಟರಾಗಿ ಅಮೆರಿಕದಲ್ಲಿ ದುಡಿಯಬೇಕೆಂಬುದೇ ಗುರಿಯಾದರೆ ನೀಟ್ ಬರೆದು ಭಾರತದಲ್ಲಿ ಎಂಬಿಬಿಎಸ್ ಮಾಡಿ, ಆಮೇಲೆ ಯುಎಸ್‌ಎಂಎಲ್‌ಇ ಎಂಬ ಇಲ್ಲಿನ ವೈದ್ಯ ಪರವಾನಗಿ ಪರೀಕ್ಷೆಗಳ ಮೂಲಕ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯ ತರಬೇತಿಗೆ, ಬರುವುದು ಕರ್ನಾಟಕದ ಎಷ್ಟೋ ವೈದ್ಯರು ಹಿಡಿದ ದಾರಿ. ಆ ದಾರಿಯಲ್ಲೂ ಈಗ ಇಂಗ್ಲಿಷ್ ಬರವಣಿಗೆ ತಪ್ಪುವುದಿಲ್ಲ. ವಿದೇಶಿ ವೈದ್ಯರಿಗೆ ಪ್ರಮಾಣಪತ್ರ ನೀಡುವ ಇಸಿಎಫ್‌ಎಂಜಿ, ಓಇಟಿ ಎಂಬ ವೃತ್ತಿಪರ ಇಂಗ್ಲಿಷ್ ಪರೀಕ್ಷೆಯ ವೈದ್ಯಕೀಯ ಆವೃತ್ತಿಯನ್ನು ಪಾಸು ಮಾಡಬೇಕೆಂದು ಹೇಳುತ್ತದೆ. ಅದರ ಬರವಣಿಗೆ ವಿಭಾಗದಲ್ಲಿ ರೋಗಿಯೊಬ್ಬರ ಟಿಪ್ಪಣಿಗಳನ್ನು ಕೊಟ್ಟು, 45 ನಿಮಿಷದಲ್ಲಿ ಇನ್ನೊಬ್ಬ ವೈದ್ಯರಿಗೆ ಪತ್ರ ಬರೆಸುತ್ತಾರೆ. ಟಿಪ್ಪಣಿಯಲ್ಲಿರುವುದನ್ನೆಲ್ಲ ತುಂಬಿದರೆ ಅಂಕ ಹೋಗುತ್ತದೆ. ಓದುವ ವೈದ್ಯರಿಗೆ ಏನು ಬೇಕೋ ಅಷ್ಟನ್ನು ಆಯ್ದು ಬರೆಯಬೇಕು. ಅವನು ಯಾವ ದಾರಿ ಹಿಡಿಯುವನೋ ಈ ವರ್ಷವೇ ನಿರ್ಧರಿಸಲಿ. ಬಿ.ಎಸ್ಸಿ. ಮುಗಿಯುವವರೆಗೆ ಕಾದು ಆಮೇಲೆ ನೀಟ್‌ಗೆ ಕೂರುವುದಾದರೆ ಪಿಯುಸಿಯ ಭೌತವಿಜ್ಞಾನವನ್ನು ಮತ್ತೆ ಮೊದಲಿನಿಂದ ತೆರೆಯಬೇಕಾಗುತ್ತದೆ.